ಇದೊಂದೇ ಸಿಕ್ಕರೆ ಹೋಗ್ತೀಯಾ?

ನಮ್ಮ ಉಡುಪಿಯ ಕೃಷ್ಣಮಠದ ಪರ್ಯಾಯ ಉತ್ಸವ ಮುಗಿದ ಮರುವಾರ ರಥಬೀದಿಯ ಅಂಗಡಿಗಳಲ್ಲಿ ಪಿಗ್ಮಿ, ಅಂದರೆ ದಿನದಿನದ ಉಳಿತಾಯದ ಸಂಗ್ರಹ, ಚೆನ್ನಾಗಿಯೇ ಆಯಿತು. ದಿನಾ ಐವತ್ತು ಕೊಡುವ ಬಳೆ ಅಂಗಡಿಯವರು ಇನ್ನೂರು ಕೊಟ್ಟರು. ಹೂವಿನವರು "ಅಕ್ಕ, ಇವತ್ತು ಮುನ್ನೂರು ಬರ್ಕೊಳ್ಳಿ" ಅಂದರು. ರಾತ್ರಿ ಎಂಟಕ್ಕೆ ಮನೆಗೆ ಬಂದು ಮೆಷಿನ್ ಚಾರ್ಜಿಗೆ ಹಾಕಿ ಕೂತಾಗ ಮಗಳು ಒಂದು ನೋಟ್‌ಬುಕ್ ತಂದು ಮುಂದಿಟ್ಟಳು. ಪುಟದ ತುಂಬ ಕಾಲೇಜುಗಳ ಹೆಸರು. ಎಣಿಸಿದೆ, ಹದಿನಾಲ್ಕು.

"ಅಮ್ಮ, ಇಷ್ಟಕ್ಕೂ ಅರ್ಜಿ ಹಾಕ್ಲಿಕ್ಕುಂಟು" ಅಂದಳು.

ಅವಳು ಈಗ ದ್ವಿತೀಯ ಪಿಯುಸಿ ಕಾಮರ್ಸ್. ಬಿಬಿಎ ಮಾಡುತ್ತೇನೆ ಎನ್ನುವುದು ಅವಳದ್ದೇ ತೀರ್ಮಾನ, ನಾವು ಹೇಳಿಸಿದ್ದಲ್ಲ. ಅದು ಎಲ್ಲಿ ಶುರುವಾಯಿತು ಎಂದು ನನಗೆ ಗೊತ್ತುಂಟು. ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ಒಂದು ದಿನ ನನ್ನ ಜೊತೆ ಪಿಗ್ಮಿ ಸುತ್ತಿಗೆ ಬಂದಿದ್ದಳು. ನಾನು ಇಲ್ಲಿನ ಒಂದು ಸಹಕಾರಿ ಸಂಘಕ್ಕೆ ಹತ್ತೊಂಬತ್ತು ವರ್ಷದಿಂದ ಪಿಗ್ಮಿ ಸಂಗ್ರಹ ಮಾಡುತ್ತಿದ್ದೇನೆ; ಕಲ್ಸಂಕದಿಂದ ರಥಬೀದಿ, ಅಲ್ಲಿಂದ ಸಿಟಿ ಬಸ್ ನಿಲ್ದಾಣದ ಸುತ್ತಮುತ್ತ. ಅವತ್ತು ಮನೆಗೆ ಬರುವಾಗ ಅವಳು ಕೇಳಿದ ಪ್ರಶ್ನೆ ಇದು: "ದಿನಾ ನೂರು ಕೊಡುವ ಬದಲು ಅವರು ತಿಂಗಳಿಗೊಮ್ಮೆ ಮೂರು ಸಾವಿರ ಎಂತಕ್ಕೆ ಕೊಡುವುದಿಲ್ಲ?"

ನಾನು ಹೇಳಿದೆ, ತಿಂಗಳ ಕೊನೆಗೆ ಗಲ್ಲದಲ್ಲಿ ಮೂರು ಸಾವಿರ ಉಳಿಯುವುದಿಲ್ಲ ಮಗಾ. ಸಂಜೆ ನಾನು ಬಂದು ಕೇಳುತ್ತೇನೆಂದು ಆ ನೂರು ಉಳಿಯುತ್ತದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವರು ಬಡ್ಡಿಗಲ್ಲ, ನೀನು ಬರ್ತೀ ಅಂತ ಕೊಡುದು" ಅಂದಳು. ಪಿಗ್ಮಿ ಎನ್ನುವುದು ನಮ್ಮೂರಿನ ವಸ್ತು. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಶುರು ಮಾಡಿತು, ದಿನಕ್ಕೆ ಎರಡಾಣೆಯಿಂದ. ಈ ಕಥೆ ನನಗೆ ಮೊದಲೇ ಗೊತ್ತಿತ್ತು. ಆದರೆ ಆ ಎರಡಾಣೆಯ ಹಿಂದಿನ ಮರ್ಮವನ್ನು ಒಂದೇ ಸಂಜೆಯಲ್ಲಿ ಹಿಡಿದ ಹುಡುಗಿಯನ್ನು ನೋಡಿ, ಇವಳು ವ್ಯಾಪಾರದ ವಿದ್ಯೆಯನ್ನೇ ಕಲಿಯಲಿ ಎಂದು ನನ್ನ ಮನಸ್ಸಿಗೂ ಬಂತು.

ನೆಂಟರೆಲ್ಲ ಬೇರೆ ಹೇಳಿದರು. ಬಿಕಾಂ ಮಾಡಿಸು, ಬ್ಯಾಂಕ್ ಪರೀಕ್ಷೆ ಬರೆಯಲಿ ಎಂದರು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಐದು ಬ್ಯಾಂಕ್ ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರು ನಾವು. ಹಾಗೆ ಹೇಳುವುದು ಸಹಜ. ವಿಜಯಾ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳ ಒಳಗೆ ಸೇರಿಹೋದವು, ಆದರೂ ಮನೆ ಮನೆಯಲ್ಲಿ ಬ್ಯಾಂಕ್ ಕೆಲಸದ ಆಸೆ ಹಾಗೇ ಉಂಟು. ಬ್ಯಾಂಕ್ ಪರೀಕ್ಷೆಗೆ ಯಾವ ಪದವಿಯಾದರೂ ಆಗುತ್ತದೆ, ಬಿಬಿಎ ಮಾಡಿದವರೂ ಬರೆಯಬಹುದು ಎಂದು ಅವರಿಗೆ ಹೇಳಿದೆ. ಸಿಎ ಮಾಡುವ ಮನಸ್ಸಿದ್ದರೆ ಮಾತ್ರ ಬಿಕಾಂ ಹೆಚ್ಚು ಅನುಕೂಲ. ಅಲ್ಲಿ ಲೆಕ್ಕಪತ್ರ, ತೆರಿಗೆ, ಕಂಪನಿ ಕಾನೂನು ಆಳವಾಗಿ ಬರುತ್ತದೆ. ಬಿಬಿಎಯಲ್ಲಿ ಅವೆಲ್ಲ ಸ್ವಲ್ಪ ಸ್ವಲ್ಪ, ಜೊತೆಗೆ ಮಾರ್ಕೆಟಿಂಗ್, ಜನರನ್ನು ನಡೆಸುವ ವಿಷಯ, ಹಣಕಾಸು, ಅಂಕಿಅಂಶ. ಇವಳಿಗೆ ಬೇಕಾದದ್ದು ಅದು.

ಸರಿ, ಹದಿನಾಲ್ಕು ಹೆಸರು. ಒಂದೊಂದು ಪರೀಕ್ಷೆಗೆ, ಒಂದೊಂದು ಅರ್ಜಿಗೆ ಸಾವಿರಗಟ್ಟಲೆ ಶುಲ್ಕ. ಪುಣೆಯ ಸಿಂಬಯೋಸಿಸ್‌ನದ್ದಾದರೆ ಪರೀಕ್ಷೆಗೇ ಬೇರೆ, ಅದರೊಳಗಿನ ಒಂದೊಂದು ಕಾಲೇಜಿಗೇ ಬೇರೆ. ನನ್ನ ಆದಾಯ ನೂರಕ್ಕೆ ಮೂರು ರೂಪಾಯಿ ಕಮಿಷನ್. ಇವರು ಮಲ್ಪೆಯಲ್ಲಿ ಐಸ್ ಪ್ಲಾಂಟ್‌ನ ಸೂಪರ್‌ವೈಸರ್. ಆದರೆ ನನ್ನನ್ನು ತಡೆದದ್ದು ದುಡ್ಡು ಅಲ್ಲ. ಆ ಪಟ್ಟಿಯಲ್ಲಿ ಅರ್ಧ ಹೆಸರು ಯಾಕೆ ಇವೆ ಎಂದು ಅವಳಿಗೇ ಗೊತ್ತಿರಲಿಲ್ಲ. ಗೆಳತಿ ಹಾಕಿದ್ದಾಳೆ ಎಂದು ಎರಡು, ಫೋನಿನಲ್ಲಿ ಜಾಹೀರಾತು ಬಂತು ಎಂದು ಮೂರು.

ಆಗ ನಾನು ಒಂದೊಂದು ಹೆಸರಿನ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದೆ: "ಬೇರೆ ಯಾವುದೂ ಸಿಗಲಿಲ್ಲ, ಇದೊಂದೇ ಸಿಕ್ಕಿತು ಅಂತಿಟ್ಟುಕೋ. ಹೋಗ್ತೀಯಾ?"

ಮುಂಬಯಿಯ ಎನ್‌ಎಂಐಎಂಎಸ್‌ಗೆ ಬೆರಳಿಟ್ಟಾಗ ಬಹಳ ಹೊತ್ತು ಯೋಚಿಸಿ, "ಇಲ್ಲ ಅಮ್ಮ, ಅಲ್ಲಿ ರೂಮಿನ ಬಾಡಿಗೆಯೇ ತಲೆಯಲ್ಲಿ ಕೂತಿರ್ತದೆ, ಓದ್ಲಿಕ್ಕಾಗ್ಲಿಕ್ಕಿಲ್ಲ" ಅಂದಳು. ಹೊಡೆದು ಹಾಕಿದೆವು. ಬೆಂಗಳೂರಿನ ಕ್ರೈಸ್ಟ್‌ಗೆ, "ಮಣಿಪಾಲ ಸಿಕ್ಕಿದ್ರೆ ಹೋಗುದಿಲ್ಲ, ಅದೂ ಇದೂ ಒಂದೇ ಅಳತೆಯ ಖರ್ಚು, ಮೇಲಿಂದ ಹಾಸ್ಟೆಲ್" ಅಂದಳು. ಅದು ನ್ಯಾಯದ ಮಾತು. ಬೆಂಗಳೂರಿನ ಇನ್ನೂ ನಾಲ್ಕು ಹೆಸರು ಇದ್ದವು, ಅವುಗಳಿಗೆ ಉತ್ತರ ಕೊಡುವಾಗ ನನ್ನ ಮುಖವನ್ನೇ ನೋಡಲಿಲ್ಲ. ಅವೂ ಹೋದವು.

ದೆಹಲಿಯ ಶಹೀದ್ ಸುಖದೇವ್ ಕಾಲೇಜಿಗೆ ಮಾತ್ರ "ಹೂಂ, ಓಡಿ ಹೋಗ್ತೇನೆ" ಅಂದಳು. ದೆಹಲಿ ವಿಶ್ವವಿದ್ಯಾಲಯದ ಬಿಎಂಎಸ್ ಅದು, ಬಿಬಿಎಯಂಥದ್ದೇ ಮ್ಯಾನೇಜ್‌ಮೆಂಟ್ ಪದವಿ; ಸರಕಾರಿ ವಿಶ್ವವಿದ್ಯಾಲಯದ ಕೋರ್ಸ್, ಸಿಯುಇಟಿ ಎನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಸೀಟು. ಕೂತು ನಿಯಮ ಓದಿದೆವು. ಅಲ್ಲಿಗೆ ಸೇರಬೇಕಾದರೆ ಹನ್ನೆರಡರಲ್ಲಿ ಓದಿದ ವಿಷಯಗಳಲ್ಲೇ ಸಿಯುಇಟಿ ಬರೆಯಬೇಕು, ಬಿಎಂಎಸ್‌ಗೆ ಗಣಿತ ಬೇಕೇ ಬೇಕು. ಇವಳದ್ದು ಸೆಬಾ: ಸ್ಟಾಟಿಸ್ಟಿಕ್ಸ್, ಇಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಗಣಿತ ಇಲ್ಲ. ಆ ಬಾಗಿಲು ಎರಡು ವರ್ಷದ ಹಿಂದೆ, ಹತ್ತನೇ ತರಗತಿ ಮುಗಿದ ಆ ಮೇ ತಿಂಗಳಿನಲ್ಲಿ, ನಾನು ಕಾಲೇಜಿನ ಕೌಂಟರಿನಲ್ಲಿ ನಿಂತು ಕಾಂಬಿನೇಷನ್ ಬರೆದುಕೊಟ್ಟ ಹೊತ್ತಿಗೇ ಮುಚ್ಚಿತ್ತು. ಅವಳು ಏನೂ ಹೇಳಲಿಲ್ಲ, ಪೆನ್ನಿನಿಂದ ಒಂದು ಗೆರೆ ಎಳೆದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾರ ಮಕ್ಕಳಾದರೂ ಈ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿದ್ದರೆ, ಕಾಮರ್ಸ್ ತೆಗೆದುಕೊಳ್ಳುವವರಿದ್ದರೆ, ಪಿಯು ಅರ್ಜಿ ತುಂಬುವ ಮೊದಲೇ ಈ ನಿಯಮ ಓದಿ. ಇದಕ್ಕೋಸ್ಕರವೇ ನಾನು ಇದನ್ನೆಲ್ಲ ಬರೆಯಲು ಕೂತದ್ದು.

ಉಳಿದ ಹೆಸರುಗಳನ್ನು ಪರೀಕ್ಷಿಸುವುದಕ್ಕೆ ಒಂದು ಹಾಳೆ ನಮಗೆ ತುಂಬ ಸಹಾಯ ಮಾಡಿತು. ಕಾಲೇಜಿನವರು ಫ್ಲೆಕ್ಸಿನಲ್ಲಿ ಹಾಕುವುದು ಒಬ್ಬ ಹುಡುಗನ ಪ್ಯಾಕೇಜ್. ಆದರೆ ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಹೆಸರು ಕೊಟ್ಟ ಸಂಸ್ಥೆಗಳು ತಮ್ಮ ಲೆಕ್ಕವನ್ನೆಲ್ಲ ತುಂಬಿ ಕೊಡಬೇಕು, ಆ ಪಿಡಿಎಫ್ ಸಂಸ್ಥೆಯ ವೆಬ್‌ಸೈಟಿನಲ್ಲೂ ಸಿಗುತ್ತದೆ. ಅದರಲ್ಲಿ ಮೂರು ವರ್ಷದ ಪದವಿ ಎನ್ನುವ ಕೋಷ್ಟಕ ಉಂಟು. ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಸಮಯಕ್ಕೆ ಪಾಸಾದರು, ಎಷ್ಟು ಜನಕ್ಕೆ ಕೆಲಸ ಆಯಿತು, ಎಷ್ಟು ಜನ ಮುಂದೆ ಓದಲು ಹೋದರು, ಕೆಲಸ ಸಿಕ್ಕಿದವರ ಸಂಬಳದ ಮೀಡಿಯನ್ ಎಷ್ಟು, ಎಲ್ಲವೂ. ಮೀಡಿಯನ್ ಎಂದರೆ ಮಧ್ಯಾಂಕ. ಮಗಳು ಅದನ್ನು ಪುಸ್ತಕದಲ್ಲಿ ಓದಿದ್ದಳು. ನಾನು ಅದನ್ನು ಅಂಗಡಿ ಸಾಲಿನಲ್ಲಿ ಕಂಡದ್ದು ಹೀಗೆ. ನನ್ನ ಸುತ್ತಿನಲ್ಲಿ ಒಂದು ಸಾಲಿಗೆ ಒಂಬತ್ತು ಅಂಗಡಿ. ಇಬ್ಬರು ಐವತ್ತೈವತ್ತು, ನಾಲ್ವರು ನೂರುನೂರು, ಒಬ್ಬರು 150, ಒಬ್ಬರು 200, ಕೊನೆಯ ಚಿನ್ನದ ಅಂಗಡಿಯವರು 2,000. ಒಟ್ಟು 2,850. ಸರಾಸರಿ ಹಾಕಿದರೆ ಅಂಗಡಿಗೆ ಸುಮಾರು 317 ರೂಪಾಯಿ ಬರುತ್ತದೆ. ಆದರೆ ಆ ಎಂಟು ಜನರಲ್ಲಿ ಒಬ್ಬರೂ ಅಷ್ಟು ಕೊಡುವವರಲ್ಲ. ಸಾಲಾಗಿ ನಿಲ್ಲಿಸಿ ಮಧ್ಯದವರನ್ನು ಕೇಳಿದರೆ ನೂರು. ಕಾಲೇಜಿನವರು ಸರಾಸರಿ ಹೇಳಿದಾಗ ನಾನು ಚಿನ್ನದ ಅಂಗಡಿಯನ್ನು ನೆನೆಸಿಕೊಳ್ಳುತ್ತೇನೆ. ನಮ್ಮ ಮಗಳು ನಿಲ್ಲುವುದು ಮಧ್ಯದಲ್ಲಿ ಎಂದೇ ಲೆಕ್ಕ ಹಾಕಬೇಕು; ಮುಂದೆ ಹೋದರೆ ಸಂತೋಷ.

ಇದರಲ್ಲೂ ಎರಡು ವಿಷಯ ಎಚ್ಚರಿಕೆ. ಆ ಕೋಷ್ಟಕದಲ್ಲಿ ಬಿಬಿಎ ಒಂದೇ ಇರುವುದಿಲ್ಲ, ಆ ಸಂಸ್ಥೆಯ ಎಲ್ಲ ಮೂರು ವರ್ಷದ ಪದವಿಗಳೂ ಸೇರಿರುತ್ತವೆ. ಮತ್ತೆ, ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಇಷ್ಟನೇ ರ‍್ಯಾಂಕ್ ಎಂದು ದೊಡ್ಡದಾಗಿ ಹಾಕಿದ್ದರೆ ಅದು ಹೆಚ್ಚಾಗಿ ಎಂಬಿಎಯಿಂದ ಬಂದ ಹೆಸರು. ನಮ್ಮವರೇ ಒಬ್ಬರು "ಮಣಿಪಾಲದಲ್ಲಿ ಟ್ಯಾಪ್ಮಿ ಉಂಟಲ್ಲ, ಅಲ್ಲಿಗೇ ಹಾಕಿ" ಎಂದಿದ್ದರು. ಟಿ.ಎ. ಪೈಯವರು 1980ರಲ್ಲಿ ಕಟ್ಟಿದ ಆ ಸಂಸ್ಥೆ ದೇಶದಲ್ಲಿ ಹೆಸರು ಮಾಡಿದ್ದು ಪದವಿಯ ನಂತರದ ಓದಿನಿಂದ. ಪಿಯುಸಿ ಮುಗಿಸಿದ ಹುಡುಗಿಗೆ ಆ ರ‍್ಯಾಂಕ್ ಏನನ್ನೂ ಹೇಳುವುದಿಲ್ಲ.

ನನ್ನ ಅಕ್ಕನ ಮಗನ ಕಥೆ ಇಲ್ಲಿ ಹೇಳಲೇಬೇಕು. 2024ರಲ್ಲಿ ಒಂದು ಹೋಟೆಲಿನ ಹಾಲಿನಲ್ಲಿ ನಡೆದ ಕಾಲೇಜು ಸೇರ್ಪಡೆಯ ಮೇಳಕ್ಕೆ ಹೋಗಿ, ನೂರಕ್ಕೆ ನೂರು ಕೆಲಸ ಎಂದವರ ಮಾತು ನಂಬಿ, ಅಲ್ಲೇ ಕೂತಲ್ಲೇ 25,000 ಕೊಟ್ಟು ಸೀಟು ಹಿಡಿದ. ಸೇರುವಾಗ ಅಸಲು ಅಂಕಪಟ್ಟಿಯನ್ನೂ ತೆಗೆದುಕೊಂಡರು. ಆಗಸ್ಟಿನಲ್ಲಿ ಬಿಡುತ್ತೇನೆ ಎಂದಾಗ, ವರ್ಷದ ಶುಲ್ಕ ಪೂರ್ತಿ ಕಟ್ಟಿ ಅಂಕಪಟ್ಟಿ ಒಯ್ಯಿ ಎಂದರು. ಅಕ್ಕ ಎರಡು ಸಲ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಹೋಗಿ ಬಂದಳು, ಆ ವರ್ಷದ ಮಳೆಯಲ್ಲಿ. ಅಸಲು ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಆದೇಶ ಹೊರಡಿಸಿದೆ. 2024-25ನೇ ಸಾಲಿಗೆ ಸೆಪ್ಟೆಂಬರ್ 30ರ ಒಳಗೆ ಬಿಟ್ಟರೆ ಶುಲ್ಕ ಪೂರ್ತಿ ವಾಪಸು, ಅಕ್ಟೋಬರ್ 31ರ ಒಳಗಾದರೆ ಹೆಚ್ಚೆಂದರೆ 1,000 ರೂಪಾಯಿ ಮುರಿದುಕೊಳ್ಳಬಹುದು ಎಂದೂ ಹೇಳಿತ್ತು. ಆ ಕಾಗದ ಮುಂದಿಟ್ಟ ಮೇಲೆ ಅಂಕಪಟ್ಟಿ ಸಿಕ್ಕಿತು, ದುಡ್ಡಿನಲ್ಲಿ ಅರ್ಧ ಬಂತು. ಅಂಕಪಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಎದೆಗೆ ಹಿಡಿದುಕೊಂಡು ಅಕ್ಕ ಬೆಳಗ್ಗಿನ ಜಾವ ಬಸ್ಸಿಳಿದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಇರುವ ಎಲ್ಲ ಕಡೆಯೂ ಮೊದಲು ಕೇಳಿದ್ದು ಶುಲ್ಕ ಹಿಂತಿರುಗಿಸುವ ನಿಯಮವನ್ನು. 2024-25ರಿಂದ ಬಿಬಿಎ, ಬಿಸಿಎ ನಡೆಸುವ ಕಾಲೇಜುಗಳೂ ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಅನುಮತಿ ಉಂಟೋ ಇಲ್ಲವೋ ಎನ್ನುವುದನ್ನೂ ನೋಡಿಕೊಂಡೆವು.

ಇನ್ನೊಂದು ಗೊಂದಲ ವರ್ಷದ್ದು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2021ರಿಂದ ನಾಲ್ಕು ವರ್ಷದ ಆನರ್ಸ್ ಬಂತು, 2024-25ಕ್ಕೆ ಪುನಃ ಮೂರು ವರ್ಷಕ್ಕೆ ಬಂದರು. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ, ಹೊರರಾಜ್ಯಗಳಲ್ಲಿ ಹಲವು ಕಡೆ ನಾಲ್ಕು ವರ್ಷದ್ದೂ ಉಂಟು, ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಹೊರಬರುವುದೂ ಉಂಟು. ಒಂದು ವರ್ಷದ ಶುಲ್ಕದ ವ್ಯತ್ಯಾಸ ಅದು, ಕೇಳದೆ ಬಿಡಬಾರದು.

ಮಂಗಳೂರಿನ ಅಲೋಶಿಯಸ್‌ಗೆ ನಾವೇ ಹೋಗಿ ಬಂದೆವು. 1880ರ ಕಾಲೇಜು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆಯಿತು. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತು, ಪಡುಬಿದ್ರಿ, ಮುಲ್ಕಿ, ಸುರತ್ಕಲ್ ದಾಟಿ ಬಾವುಟಗುಡ್ಡೆ ಹತ್ತುವಾಗ ಹನ್ನೊಂದು ಗಂಟೆ. ಕಚೇರಿಯಲ್ಲಿ ಕೇಳಬೇಕಾದದ್ದು ಐದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಮಗಳು ಬಿಬಿಎ ಎರಡನೇ ವರ್ಷದ ಇಬ್ಬರು ಹುಡುಗಿಯರನ್ನು ಹುಡುಕಿ ಮಾತಾಡಿಸಿದಳು. ಅವಳು ಕೇಳಿದ ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಬಂದಿದ್ದಳು: ಕಳೆದ ವಾರ ಎಷ್ಟು ಕ್ಲಾಸ್ ಆಯಿತು? ಇಂಟರ್ನ್‌ಶಿಪ್ ಕಾಲೇಜು ಹುಡುಕಿ ಕೊಡ್ತದಾ, ನಾವೇ ಹುಡುಕಬೇಕಾ? ನಿಮ್ಮ ಸೀನಿಯರುಗಳು ಈಗ ಎಲ್ಲಿದ್ದಾರೆ? ಆ ಮಕ್ಕಳು ಗೇಟಿನ ಹತ್ತಿರ ನಿಂತು ಮುಕ್ಕಾಲು ಗಂಟೆ ಮಾತಾಡಿದರು, ಒಳ್ಳೆಯದನ್ನೂ ಹೇಳಿದರು, ಕಷ್ಟವನ್ನೂ ಹೇಳಿದರು. ದಿನಾ ಉಡುಪಿಯಿಂದ ಹೋಗಿ ಬರುವ ಒಬ್ಬಳು, "ಅಕ್ಕ, ಮಳೆಗಾಲದಲ್ಲಿ ಬೆಳಗ್ಗೆ ಆರೂಕಾಲಕ್ಕೆ ಮನೆ ಬಿಡಬೇಕು, ಅದೊಂದು ಯೋಚನೆ ಮಾಡಿ" ಎಂದು ನನಗೆ ಹೇಳಿದಳು. ಯಾವ ಬ್ರೋಶರಿನಲ್ಲೂ ಇಲ್ಲದ ಮಾತು ಅದು.

ಹಣದ ಲೆಕ್ಕ ನಾನು ಮತ್ತು ಇವರು ಕೂತು ಮಾಡಿದೆವು. ಬ್ಯಾಂಕಿನಲ್ಲಿ ಶಿಕ್ಷಣ ಸಾಲಕ್ಕೆ ನಾಲ್ಕು ಲಕ್ಷದವರೆಗೆ ನಮ್ಮ ಪಾಲು ಹಾಕಬೇಕಾಗಿಲ್ಲ, ಏಳೂವರೆ ಲಕ್ಷದವರೆಗೆ ಅಡವು ಬೇಡ. ಓದು ಮುಗಿದು ಒಂದು ವರ್ಷದ ನಂತರ ಕಂತು ಶುರು. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ, ಅದನ್ನು ಎಷ್ಟೋ ಜನ ಮರೆಯುತ್ತಾರೆ. ಆಯ್ದ ಸಂಸ್ಥೆಗಳಿಗೆ ಪಿಎಂ ವಿದ್ಯಾಲಕ್ಷ್ಮಿ ಎನ್ನುವ ಯೋಜನೆ 2024ರ ನವೆಂಬರಿನಲ್ಲಿ ಬಂತು. ಮನೆಯ ಆದಾಯ ವರ್ಷಕ್ಕೆ ಎಂಟು ಲಕ್ಷದ ಒಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಉಂಟು. ಸಂಸ್ಥೆಯ ಹೆಸರು ಆ ಪಟ್ಟಿಯಲ್ಲಿ ಇದೆಯೋ ಎಂದು ಅರ್ಜಿಗೆ ಮೊದಲೇ ನೋಡಬೇಕು. ಮಗಳನ್ನೂ ಕರೆದು ಕೂರಿಸಿ ಬಿಡಿಸಿ ಹೇಳಿದೆ: ಏಳೂವರೆ ಲಕ್ಷ, ಶೇ. 10 ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳಿಗೆ ಸುಮಾರು 9,900 ರೂಪಾಯಿ. ಮೀಡಿಯನ್ ಸಂಬಳ ವರ್ಷಕ್ಕೆ ಮೂರು ಲಕ್ಷ ಎಂದಿದ್ದರೆ ತಿಂಗಳಿಗೆ 25,000. ಅದರಲ್ಲಿ 9,900 ಹೋಗಿ, ಪಿಜಿ ಬಾಡಿಗೆ, ಊಟ, ಬಸ್ಸು. ಅವಳು ನೋಟ್‌ಬುಕ್ಕಿನಲ್ಲಿ ಕಳೆದು ನೋಡಿ, ಕೆಳಗೆ ಉಳಿದದ್ದಕ್ಕೆ ಎರಡು ಸುತ್ತು ಹಾಕಿದಳು. ನಾನು ಮುಂದೆ ಏನೂ ಹೇಳಲಿಲ್ಲ.

ಕಷ್ಟವಾದದ್ದು ಐಐಎಂ ಇಂದೋರಿನ ಹೆಸರು. ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಐಪಿಎಂ, ಅಂದರೆ ಪದವಿ ಮತ್ತು ಎಂಬಿಎ ಸೇರಿದ ಕೋರ್ಸ್, 2011ರಿಂದ ಅಲ್ಲಿ ನಡೆಯುತ್ತಿದೆ. ಈಗ ರೋಹ್ಟಕ್, ರಾಂಚಿ, ಜಮ್ಮು, ಬೋಧಗಯಾಗಳಲ್ಲೂ ಉಂಟು. "ಹೋಗ್ತೀಯಾ" ಎಂದು ನಾನು ಕೇಳುವ ಮೊದಲೇ ಅವಳು ನನಗೆ ತಿರುಗಿ ಕೇಳಿದಳು: "ಸಿಕ್ಕಿದ್ರೆ ನೀವು ಕಳಿಸ್ತೀರಾ?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮಕ್ಕಳ ಹತ್ತಿರ ಹೋಗ್ತೀಯಾ ಎಂದು ಕೇಳುವವರು ಕಳಿಸ್ತೇವಾ ಎಂದು ತಮ್ಮನ್ನೂ ಕೇಳಿಕೊಳ್ಳಬೇಕು. ಪರೀಕ್ಷೆ ಬರೆಯಲಿ, ಸಿಗುವುದಿಲ್ಲವಲ್ಲ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಅರ್ಜಿ ಹಾಕಿಸುವುದು ತಪ್ಪು. ಸಿಕ್ಕಿದ ಮೇಲೆ ಬೇಡ ಎಂದರೆ ಆ ಮಗುವಿಗೆ ಏನಾಗಬೇಕು? ಇವರು ಆ ರಾತ್ರಿ ಉತ್ತರ ಕೊಡಲಿಲ್ಲ. ಐದು ವರ್ಷದ ಖರ್ಚು ನಮ್ಮ ಮನೆಯ ಮೇಲೆ ಸಾಲ ತೆಗೆದರೂ ಭಾರವೇ. ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಹೊರಗೆ ಬರುವ ಅವಕಾಶವೂ ಉಂಟು ಎಂದು ನಾನು ಓದಿ ಹೇಳಿದೆ. ಎರಡು ದಿನ ಬಿಟ್ಟು, ಬೆಳಗ್ಗೆ ನಾಲ್ಕಕ್ಕೆ ಪ್ಲಾಂಟಿಗೆ ಹೊರಡುವಾಗ ಚಪ್ಪಲಿ ಹಾಕುತ್ತಾ, "ಸಿಕ್ಕಿದ್ರೆ ಕಳಿಸುವ. ಅವಳಿಗೆ ಹೇಳು" ಅಂದರು. ಅವಳು ಮಲಗಿದ್ದಳು. ಎಬ್ಬಿಸಿ ಹೇಳಿದೆ.

ಈಗ ನೋಟ್‌ಬುಕ್ಕಿನಲ್ಲಿ ಐದು ಹೆಸರು ಉಳಿದಿವೆ, ಒಂದೊಂದರ ಎದುರು ಒಂದು ಸಾಲು ಅವಳದ್ದೇ ಅಕ್ಷರದಲ್ಲಿ. ಇಂದೋರ್: ಇದಕ್ಕಿಂತ ಗಟ್ಟಿ ಸಹಪಾಠಿಗಳು ಬೇರೆಲ್ಲೂ ಇಲ್ಲ, ಗಣಿತಕ್ಕೆ ದಿನಾ ಎರಡು ಗಂಟೆ. ಪುಣೆಯ ಸಿಂಬಯೋಸಿಸ್: ಮಾವನ ಮನೆ ಉಂಟು, ಹಾಸ್ಟೆಲ್ ಖರ್ಚಿನ ಬಗ್ಗೆ ಪುನಃ ಕೇಳಬೇಕು. ಮಣಿಪಾಲ: ಶುಲ್ಕ ಹೆಚ್ಚು, ಮನೆಯಿಂದಲೇ ಬಸ್ಸು. ಅಲೋಶಿಯಸ್: ಆ ಇಬ್ಬರು ಹುಡುಗಿಯರು. ಐದನೆಯದು ನಮ್ಮ ಉಡುಪಿಯದ್ದೇ, ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಕಾಲೇಜು. ಅದನ್ನು ಕೊನೆಯಲ್ಲಿ ಬರೆದಿದ್ದಾಳೆ, ಆದರೆ ಹೋಗ್ತೀಯಾ ಎಂದು ಕೇಳಿದಾಗ ತಡವರಿಸಲಿಲ್ಲ. "ಬೆಳಗ್ಗೆ ಕ್ಲಾಸು, ಸಂಜೆ ನಿನ್ನ ಜೊತೆ ಸುತ್ತು. ಒಂದು ಸಂಜೆ ಬಂದದ್ದಕ್ಕೇ ಅಷ್ಟು ಕಲಿತೆ, ಮೂರು ವರ್ಷ ಬಂದ್ರೆ?" ಅಂದಳು. ಅದರ ಎದುರು ಬರೆದ ಸಾಲು: ಅಮ್ಮನ ನೂರಾ ಎಂಬತ್ತು ಅಂಗಡಿ.

ಇಂದೋರಿನ ಪರೀಕ್ಷೆಯಲ್ಲಿ ಯಾವ ವಿಭಾಗದಲ್ಲಿ ಓದಿದವರೂ ಕೂರಬಹುದು, ಆದರೆ ಪ್ರಶ್ನೆಗಳಲ್ಲಿ ಇವಳು ಪಿಯುಸಿಯಲ್ಲಿ ಮುಟ್ಟದ ಗಣಿತ ಬರುತ್ತದೆ. ಲಾಗರಿದಮ್, ಮ್ಯಾಟ್ರಿಕ್ಸ್ ಎಲ್ಲ ಈಗ ಮೊದಲಿನಿಂದ ಕಲಿಯುತ್ತಿದ್ದಾಳೆ. ಮೂರು ಭಾಗ, ಒಂದೊಂದಕ್ಕೆ ನಲವತ್ತು ನಿಮಿಷ. ಒಂದರಲ್ಲಿ ಉಳಿದ ಸಮಯ ಇನ್ನೊಂದಕ್ಕೆ ಬರುವುದಿಲ್ಲ. ನಾಳೆ ಭಾನುವಾರ, ನನಗೆ ಸುತ್ತು ಇಲ್ಲ. ಹಳೆಯ ಪ್ರಶ್ನೆಪತ್ರಿಕೆ ಮೇಜಿನ ಮೇಲೆ ಇಟ್ಟು ಮಲಗಿದ್ದಾಳೆ. ಬೆಳಗ್ಗೆ ಎಂಟಕ್ಕೆ ಗಡಿಯಾರ ಹಿಡಿದು ಎದುರು ಕೂರುವ ಕೆಲಸ ನನ್ನದು.